ಅಪ್ಪ ಬೀಡಿ ಬಿಟ್ಟಿದ್ದ

ಮಗಳನ್ನು ಶಾಲೆಗೆ ಬಿಟ್ಟು ಕೆ.ಆರ್. ಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗುಲ್ಬರ್ಗ ಕಡೆಯ ಅಕ್ಕ, ತಮ್ಮ. ತಮ್ಮನ ಕೈಯಲ್ಲಿ ಹಚ್ಚದ ಬೀಡಿ.

“ಕುಡ್ಯೋದು ಬಿಟ್ಟೀನಿ ಅಕ್ಕಾ, ಬೀಡಿ ಬಿಡವಲ್ದು. ನನ್ನ ಹೇಣ್ತಿ ಪೀರಮ್ಮ ಕೂಸು ಮುಟ್ಟಕ್ಕ ಕೊಡವಲ್ಲಳು.”

“ಡಾಕ್ಟ್ರು ಏನಂದ್ರು?”

“ಕೆಲವ್ರಿಗಿ ಈ ಚಟ ರಕ್ತದಾಗೇ ಬಂದಿರ್ತದಂತ. ಅಪ್ಪಂದು. ಸಂಜಿಗಿ ಬೀಡಿ ವಾಸ್ನಿ ಬಂತಂದ್ರ ಅಪ್ಪ ಬಂದ ಅಂತ ಓಡ್ತಿದ್ವಿ, ನೆಪ್ಪದ ಏನು?”

“ನೆಪ್ಪದ. ನೀ ಹುಟ್ಟಿದಾಗ ಅವ್ವನೂ ನಿನ್ನ ಅಪ್ಪನ ಕೈಗಿ ಕೊಡ್ತಿರ್ಲಿಲ್ಲ. ಎತ್ಕೊಳ್ಳಕ್ಕಂತ ಬೀಡಿ ಬಿಟ್ಟಿದ್ದ.”

“ನಾ ನೋಡಿದಾಗ ಸೇದ್ತಿದ್ದನಲ್ಲ?”

“ನಿನಗ ಹಲ್ಲು ಬಂದ ಮ್ಯಾಲ ಮತ್ತ ಹಚ್ಚಿದ. ಆದ್ರ ಬಿಟ್ಟಿದ್ದ, ಬಸು. ಅದೂ ಅವನ ರಕ್ತಾನೇ.”

ಬಸ್ಸು ಬಂತು. ತಮ್ಮ ಬೀಡಿಯನ್ನು ಕಲ್ಲುಬೆಂಚಿನ ಮೇಲಿಟ್ಟು ಹತ್ತಿದ. ಅಕ್ಕ ಒಮ್ಮೆ ತಿರುಗಿ ಅದನ್ನು ನೋಡಿದಳು, ಅವನು ನೋಡಲಿಲ್ಲ.