ಎರಡೂವರೆ ಗಂಟೆಯ ಬಾಬ್ತು

“ಹಲೋ... ಹಲೋ, ಯಾರು ಮಾತಾಡ್ತಿರೋದು?”

ಉತ್ತರಕ್ಕೆ ಮೊದಲು ಅತ್ತ ಕಡೆಯಿಂದ ಒಂದು ಸಣ್ಣ ಸಪ್ಪಳ ಕೇಳಿಸಿತು. ಟಿಕ್, ಟಿಕ್. ಒರೆಸುತ್ತಿದ್ದ ಕನ್ನಡಕವನ್ನು ಗಾಜಿನ ಮೇಜಿನ ಮೇಲಿಟ್ಟು ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

“ಅಕ್ಕ?... ನೀನಾ? ಹಾಂ, ಅಂಗಡೀಲೇ ಇದೀನಿ. ಬಾಗಿಲು ಹಾಕೋ ಹೊತ್ತು... ಏನಿಲ್ಲ, ತೀರ್ಪು ಬಂದ ಮೇಲೆ ನೀನು ನನ್ನ ಮುಖ ಕೂಡ ನೋಡಲಿಲ್ಲ, ಅಲ್ವಾ? ಅದಕ್ಕೆ ಆಶ್ಚರ್ಯ ಆಯ್ತು.”

...

“ಹೂಂ, ಅಮ್ಮನ ಕುರ್ಚೀಲೇ ಕೂತಿದೀನಿ. ಉಯಿಲಲ್ಲಿ ಈ ಕನ್ನಡಕದ ಅಂಗಡಿ ನನಗೆ ಬರೆದಿದ್ದು ಅವಳೇ ತಾನೆ? ಕೋರ್ಟೂ ಹೌದು ಅಂತು. ಅದನ್ನೇ ಮತ್ತೆ ಕೆದಕೋಕೆ ಫೋನ್ ಮಾಡಿದ್ರೆ...”

...

“ಓ, ಖರ್ಚಿನ ವಿಷಯಾನಾ? ಸೋತವರು ಗೆದ್ದವರ ಕೋರ್ಟು ಖರ್ಚು ಕೊಡಬೇಕು ಅಂತ ಆದೇಶ ಆಗಿದೆ. ಎಷ್ಟು ಅಂತ ಕೋರ್ಟಿನ ಅಧಿಕಾರಿ ಲೆಕ್ಕ ಹಾಕಿದಾರೆ. ನಿನಗದು ಜಾಸ್ತಿ ಅನ್ನಿಸ್ತು, ಮರುಪರಿಶೀಲನೆಗೆ ಹಾಕಿದೀಯ. ನಾಡಿದ್ದು ಜಡ್ಜ್ ಮುಂದೆ ಬರತ್ತೆ. ನನ್ನ ಹತ್ರ ಯಾಕೆ ಚೌಕಾಸಿ?”

ಅತ್ತ ಅಕ್ಕ ಮೆಲ್ಲಗೆ ನಕ್ಕಳು. ಚಿಕ್ಕಂದಿನ ಕಣ್ಣಾಮುಚ್ಚಾಲೆಯಲ್ಲಿ ತಂಗಿ ಅಡಗಿದ ಜಾಗ ಕಂಡುಹಿಡಿದು, ಹಿಡಿಯುವ ಮುಂಚೆ ನಗುತ್ತಿದ್ದಳಲ್ಲ, ಹಾಗೆ.

“ಹೌದು, ಗಂಟೆ ಗಂಟೆಯ ವಿವರ ಕೊಡಿ ಅಂದ್ರಂತೆ ಜಡ್ಜ್. ನನ್ನ ಲಾಯರು ಕೊಟ್ಟಾಯ್ತಲ್ಲ... ಬಿಡಿಗಾಸೂ ಬಿಡಬೇಡಿ ಅಂತ ನಾನೇ ಹೇಳಿದ್ದೆ. ಯಾಕೆ ಬಿಡಬೇಕು? ಎಷ್ಟು ಅಲೆಸಿದೆ ನೀನು ನನ್ನ... ಆ ವಿವರದ ಪ್ರತಿ ನಿನಗೂ ಬಂತಾ? ಓದು. ಅದೇನಿದೆಯೋ ಓದು.”

...

“ಏನಂದೆ?... ಇನ್ನೊಂದು ಸಲ ಹೇಳು.”

...

“ಸಾಕ್ಷಿಯ ಮನೆಯಲ್ಲಿ ಸಮಾಲೋಚನೆ... ಎರಡೂವರೆ ಗಂಟೆ... ಕಕ್ಷಿದಾರರೂ ಜೊತೆಗಿದ್ದರು.” ಅಕ್ಕ ಓದಿದ್ದನ್ನೇ ಅವಳು ಮತ್ತೆ ಹೇಳಿದಳು.

ಅಮ್ಮ ಉಯಿಲಿಗೆ ಸಹಿ ಹಾಕಿದ್ದನ್ನು ಕಂಡೆನೆಂದು ಕೋರ್ಟಿನಲ್ಲಿ ಹೇಳಿದ ಸಾಕ್ಷಿ ಒಬ್ಬರೇ, ಅಮ್ಮನಿಗೆ ಸೂಜಿ ಹಾಕಲು ಬರುತ್ತಿದ್ದ ಕಾಂಪೌಂಡರ್ ಮಾವ. ‘ಈ ಲಾಯರನ್ನು ಇವತ್ತೇ ಮೊದಲು ನೋಡುತ್ತಿದ್ದೇನೆ, ನನಗೆ ಯಾರೂ ಏನೂ ಹೇಳಿಕೊಟ್ಟಿಲ್ಲ’ ಎಂದು ಅವರು ಕಟಕಟೆಯಲ್ಲಿ ಪ್ರಮಾಣ ಮಾಡಿ ಹೇಳಿದ್ದರು. ಆ ಮಾತನ್ನು ಅವರಿಗೆ ಕಲಿಸಿದ್ದೇ ಆ ಎರಡೂವರೆ ಗಂಟೆಯಲ್ಲಿ.

“ಲಾಯರ ಗುಮಾಸ್ತ ತಪ್ಪು ಬರೆದಿರಬೇಕು, ಅಕ್ಕ. ಬೇರೆ ಯಾವುದೋ ಕೇಸಿಂದು ಇದಕ್ಕೆ ಸೇರಿರತ್ತೆ... ಹಾಂ?... ತಪ್ಪು ಅಂದ್ರೆ, ಮಾಡದ ಕೆಲಸಕ್ಕೆ ದುಡ್ಡು ಕೇಳಿದ ಹಾಗೆ. ಸರಿ ಅಂದ್ರೆ... ಗೊತ್ತು. ನನಗೆ ಗೊತ್ತು, ನೀನು ಬಿಡಿಸಿ ಹೇಳೋದು ಬೇಡ.”

...

“ಖರ್ಚೇ ಬೇಡ ಅಂತ ಬರೆದುಕೊಡ್ತೀನಿ. ಏನೂ ಬೇಡ ನನಗೆ... ಕಾಗದ ಆಗಲೇ ಜಡ್ಜ್ ಹತ್ರ ಇದ್ರೆ ಏನಂತೆ?... ಮತ್ತೆ ನಿನಗೇನು ಬೇಕು? ಅಂಗಡಿನಾ?... ಏನಾದ್ರೂ ಹೇಳು.”

ಟಿಕ್, ಟಿಕ್.

“ಅದೇನು ಸದ್ದು? ಆಗಿಂದ ಕೇಳ್ತಿದೆ.”

ಕೇಳುತ್ತಿದ್ದಂತೆ ಅವಳಿಗೇ ಗುರುತು ಹತ್ತಿತು. ಕಾಂಪೌಂಡರ್ ಮಾವ ಹೆಬ್ಬೆರಳಿನಿಂದ ಗುಳಿಗೆ ಡಬ್ಬಿಯ ಮುಚ್ಚಳ ತೆಗೆದು ಮುಚ್ಚುವ ಸದ್ದು. ಅವತ್ತು ಅವರ ಮನೆಯಲ್ಲಿ ಹೇಳಿಕೊಡುತ್ತಿದ್ದಾಗ ಲಾಯರು ರೇಗಿ, ಆ ಡಬ್ಬಿ ಕಸಿದು ಪಕ್ಕಕ್ಕಿಟ್ಟಿದ್ದರು.

“ಅಕ್ಕ... ಮಾವ ನಿನ್ನ ಜೊತೆ ಇದಾರಾ?... ಅವರಿಗೆ ಫೋನ್ ಕೊಡು. ಮಾವ, ನೀವು ಅಕ್ಕನ ಹತ್ರ ಏನೇನು...”

ಲೈನ್ ಕಡಿಯಿತು.

ಹೊರಗೆ ಶಟರನ್ನು ಅರ್ಧ ಎಳೆದ ಗಂಡ ಬಗ್ಗಿ ನೋಡಿ, ಯಾರದು ಫೋನು ಎಂದು ಕೇಳಿದ.

“ಬ್ಯಾಂಕಿನವರು. ಸಾಲ ಬೇಕಾ ಅಂತ.”

ಅವನು ನಕ್ಕು ಬೀಗ ಹುಡುಕಲು ಹೋದ. ಇವನಿಗೆ ಹೇಳಿದರೆ ರಾತ್ರಿಯೇ ಅಕ್ಕನ ಮನೆಗೆ ಓಡಿಯಾನು. ಲಾಯರಿಗೆ ಹೇಳಿದರೆ ತಾವು ಉಳಿಯಲು ಅವಳನ್ನೇ ಮುಂದಕ್ಕೆ ತಳ್ಳಿಯಾರು. ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಮೇಜಿನ ಮೇಲಿದ್ದ ಕನ್ನಡಕದ ಕಡ್ಡಿಗಳನ್ನು ಒಂದೊಂದಾಗಿ, ಸದ್ದಾಗದಂತೆ ಮಡಿಸಿದಳು.