ರೇಡಿಯೇಟರಿಗೆ ಮೆತ್ತಿದ ಗಂಧ

ಮಧುರೈನ ಒಂದು ಗ್ಯಾರೇಜಿನಲ್ಲಿ ನನ್ನ ಸ್ಕೂಟಿಗೆ ಪಂಕ್ಚರ್ ಹಾಕುವವರೆಗೆ ಬೆಂಚಿನ ತುದಿಯಲ್ಲಿ ಕುಳಿತಿದ್ದೆ. ಕದಿರವನ್ ಎಂಬ ಹುಡುಗ ಸೆಕೆಂಡ್‌ಹ್ಯಾಂಡ್ ರೇಸಿಂಗ್ ಬೈಕನ್ನು ತಳ್ಳಿಕೊಂಡು ಬಂದ.

"ಮಾಯಾಂಡಿ ಅಣ್ಣಾ, ಸಿಗ್ನಲ್‌ನಲ್ಲಿ ನಿಂತ್ರೆ ಸಾಕು, ಕಾದು ಆಫಾಗತ್ತೆ. ಹಿಂದಿನ ಓನರ್ ದೋಷ ಅಂಟಿದೆ, ಮಾರಿಬಿಡು ಅಂತಿದ್ದಾಳೆ ಅಮ್ಮ. ನಂಗೆ ಮನಸ್ಸಿಲ್ಲ."

ಮೆಕ್ಯಾನಿಕ್ ಮಾಯಾಂಡಿ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದರು.

"ದೋಷ ಅಲ್ಲಪ್ಪ, ಗಂಧ! ಎಂಜಿನ್ ತಣಿಸೋ ರೇಡಿಯೇಟರ್‌ಗೆ ಪೂರಾ ಮೆತ್ತಿದೆ. ಗಾಳಿ ಎಲ್ಲಿಂದ ನುಗ್ಬೇಕು? ಯಾರ ಕೆಲಸ ಇದು?"

"ಅಮ್ಮಂದೇ. ದೋಷ ಹೋಗ್ಲಿ ಅಂತ ಗಾಡಿ ತಂದಾಗಿಂದ ಪ್ರತಿ ಶುಕ್ರವಾರ ಗಂಧ ಬಳಿದು ಪೂಜೆ."

"ನೀನು ನೋಡ್ತಾ ನಿಂತಿದ್ದೆಯಾ?"

"ಕೈಮುಗಿದು ನಿಂತಿದ್ದೆ ಅಣ್ಣಾ."

ಮಾಯಾಂಡಿ ನೀರು ಬಿಟ್ಟು, ಬ್ರಷ್ಷಿನಿಂದ ಉಜ್ಜಿದರು. ಹತ್ತು ನಿಮಿಷ ನಿಂತಲ್ಲೇ ಓಡಿಸಿದರೂ ಎಂಜಿನ್ ಆಫಾಗಲಿಲ್ಲ.

"ಅಮ್ಮಂಗೆ ಏನು ಹೇಳ್ಲಿ?"

"ಪೂಜೆ ಫಲಿಸ್ತು ಅನ್ನು. ಇನ್ಮೇಲೆ ಟ್ಯಾಂಕಿಗೆ ಒಂದು ಬೊಟ್ಟು ಸಾಕಂತೆ ಅನ್ನು."

ಕದಿರವನ್ ನಗುತ್ತಾ ಹೊರಟುಹೋದ.