ಓದುತ್ತಾ ಬಂದ ನಿದ್ದೆ

ಬೆಳಗಿನಿಂದ ದೋಸೆ ಕಾವಲಿಯ ಮುಂದೆ ನಿಂತು ಸೋತಿದ್ದ ಸುಕೇಶನಿಗೆ ಭಾನುವಾರದ ದೆಹಲಿ ಮೆಟ್ರೋದಲ್ಲೂ ಸೀಟು ಸಿಗಲಿಲ್ಲ. ಎದುರಿಗೆ ಕುಳಿತವರ ಕನ್ನಡ ಕಿವಿಗೆ ಬಿತ್ತು. ನರ್ಸ್ ಸಮವಸ್ತ್ರದ ಹುಡುಗಿಯ ಮಡಿಲಲ್ಲಿ ಬೈಬಲ್ ಇತ್ತು. ಪಕ್ಕದಲ್ಲಿ ಒಬ್ಬ ಹಿರಿಯಾಕೆ.

"ನೈಟ್ ಡ್ಯೂಟಿ ಮುಗಿಸಿ ಚರ್ಚಿಗೆ ಬರಬಾರದಿತ್ತು, ಆಂಟಿ. ಎಲ್ಲರ ಮುಂದೆ ಸಮೃದ್ಧಿಯಾದ ಜೀವದ ಬಗ್ಗೆ ಓದ್ತಾ ಓದ್ತಾ ನಿಂತಲ್ಲೇ ನಿದ್ದೆಹೋದೆ."

"ಮೌನ ಪ್ರಾರ್ಥನೆ ಅಂದ್ಕೊಂಡು ಎಲ್ಲರೂ ತಲೆ ಬಗ್ಗಿಸಿದ್ರು, ಹೆಪ್ಸಿ."

"ನೀವೂನಾ?"

"ನಂಗೆ ಗೊತ್ತಾಯ್ತು. ಎಬ್ಬಿಸೋಣ ಅಂತ ಎದ್ದೆ. ಪಾಸ್ಟರ್ ಬೇಡ ಅಂತ ಕೈಸನ್ನೆ ಮಾಡಿದ್ರು."

"ಛೇ, ಅವರಿಗೂ ಗೊತ್ತಾ! ಇನ್ಮೇಲೆ ವಾಚನಕ್ಕೆ ನನ್ನ ಹೆಸರು ಹಾಕಬೇಡಿ ಅನ್ನಿ."

"ಮುಂದಿನ ತಿಂಗಳ ಪಟ್ಟಿಗೆ ಆಗಲೇ ಹಾಕಿದ್ದಾರೆ."

"ಮತ್ತೆ ನಿದ್ದೆ ಬಂದ್ರೆ?"

"ಒಂದು ಕುರ್ಚಿ ಇಡಿಸ್ತಾರಂತೆ. ಕೂತ್ಕೊಂಡೇ ಓದಲಿ ಅಂದ್ರು."

ಹುಡುಗಿ ಬೈಬಲ್ಲನ್ನು ಎದೆಗೊತ್ತಿಕೊಂಡು ಕಣ್ಣೊರೆಸಿಕೊಂಡಳು.

"ಚಲೋ, ಇಳಿಯೋಣ, ಮುನಿರ್ಕಾ ಬಂತು."

ಇಳಿಯುವ ಮುನ್ನ ಹಿರಿಯಾಕೆ ಸುಕೇಶನ ಕಡೆ ತಿರುಗಿ, ಖಾಲಿಯಾದ ಸೀಟು ತೋರಿಸುತ್ತಾ ಹಿಂದಿಯಲ್ಲಿ ಹೇಳಿದರು.

"ಭಯ್ಯಾ, ಆಪ್ ಬೈಠ್ ಜಾಯಿಯೇ."

"ಕೂತ್ಕೋತೀನಮ್ಮಾ" ಎಂದು ಅವನು ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.